ಸಭಾಹಿರಿಯರ ಅಧಿಕಾರ ಎಲ್ಲಿಯವರೆಗೆ? ಸಭೆಯ ಆಡಳಿತ ಪದ್ಧತಿಗಳ ಒಂದು ಹೋಲಿಕೆ

ಹೊಸದಾಗಿ ಕೂಡಿಬಂದ ಕ್ರೈಸ್ತ ಸಭೆಯೊಂದು ತನ್ನ ನಿಯಮಾವಳಿಯನ್ನು ಬರೆಯಲು ಕುಳಿತಾಗ ಮೊದಲು ಎದುರಾಗುವ ಪ್ರಶ್ನೆ ಹಿರಿಯರದು. ಎಷ್ಟು ಮಂದಿ ಹಿರಿಯರು ಬೇಕು, ಅವರನ್ನು ಯಾರು ಆರಿಸಬೇಕು, ಅವರ ಮಾತು ಸಲಹೆಯೋ ತೀರ್ಮಾನವೋ, ಸಭಾಪಾಲಕರು ಅವರಲ್ಲಿ ಒಬ್ಬರೋ ಅವರ ಮೇಲಿನವರೋ ಎಂಬುದು ಇತ್ಯರ್ಥವಾಗದೆ ಮುಂದಿನ ಕಲಮನ್ನು ಬರೆಯಲಾಗುವುದಿಲ್ಲ. ಕೆಲವರಿಗೆ ಇದೇ ಪ್ರಶ್ನೆ ಬೇರೊಂದು ದಿಕ್ಕಿನಿಂದ ಬರುತ್ತದೆ. ಸಭೆ ಬದಲಿಸಬೇಕಾದ ಕುಟುಂಬವು ಎರಡು ಮೂರು ಕಡೆ ಆರಾಧನೆಗೆ ಹೋಗಿಬಂದು, ಬೋಧನೆ ಎಲ್ಲೆಡೆ ಹೆಚ್ಚುಕಡಿಮೆ ಒಂದೇ ಆಗಿದ್ದರೂ ಆಡಳಿತ ಒಂದೊಂದು ಕಡೆ ಒಂದೊಂದು ಬಗೆಯಾಗಿರುವುದನ್ನು ಕಂಡು, ಯಾವ ಸಭೆಯ ಮೇಲ್ವಿಚಾರಣೆಗೆ ತನ್ನನ್ನು ಒಪ್ಪಿಸಿಕೊಳ್ಳಬೇಕೆಂದು ತಿಳಿಯದೆ ನಿಲ್ಲುತ್ತದೆ. ಇನ್ನು ಕೆಲವರನ್ನು ಹಿರಿಯರಾಗಿ ಸೇವೆ ಮಾಡಲು ಸಭೆ ಕರೆದಿರುತ್ತದೆ. ಒಪ್ಪಿಕೊಂಡರೆ ತಮ್ಮ ಹೆಗಲಿಗೆ ಬರುವ ಹೊಣೆ ಯಾವುದು, ಬಾರದಿರುವುದು ಯಾವುದು ಎಂದು ಅವರು ಕೇಳುತ್ತಾರೆ.

ನನ್ನ ನಿಲುವನ್ನು ಮೊದಲೇ ಹೇಳಿಬಿಡುವುದು ನ್ಯಾಯ. ಹಿರಿಯರಿಗೆ ನಿಜವಾದ ಅಧಿಕಾರವಿದೆ, ಆದರೆ ಅದಕ್ಕೆ ಎಲ್ಲೆಯೂ ಇದೆ. ಆದ್ದರಿಂದ ಯಾವ ಪದ್ಧತಿಯನ್ನು ತೂಗಿ ನೋಡುವಾಗಲೂ ಅದು ಹಿರಿಯರಿಗೆ ಎಷ್ಟು ಅಧಿಕಾರ ಕೊಡುತ್ತದೆ ಎಂಬುದನ್ನು ಎರಡನೆಯದಾಗಿಟ್ಟುಕೊಂಡು, ಹಿರಿಯರೇ ತಪ್ಪಿದಾಗ ಅವರನ್ನು ತಿದ್ದುವವರು ಯಾರು ಎಂಬುದನ್ನು ಮೊದಲು ಕೇಳಬೇಕೆಂದು ನಾನು ನಂಬುತ್ತೇನೆ.

ಶಾಸ್ತ್ರ ಕೊಟ್ಟಿರುವ ಅಧಿಕಾರ, ಅದರ ಎಲ್ಲೆ

ಪೌಲನೂ ಬಾರ್ನಬನೂ ಪ್ರತಿಯೊಂದು ಸಭೆಯಲ್ಲಿ ಹಿರಿಯರನ್ನು ನೇಮಿಸಿ, ಉಪವಾಸವಿದ್ದು ಪ್ರಾರ್ಥಿಸಿ, ಕರ್ತನ ಕೈಗೆ ಒಪ್ಪಿಸಿದರೆಂದು ಅಪೊಸ್ತಲರ ಕೃತ್ಯಗಳು 14:23 ತಿಳಿಸುತ್ತದೆ. ಪೌಲನು ಕ್ರೇತ ದ್ವೀಪದಲ್ಲಿ ತನ್ನ ಜೊತೆಕೆಲಸಗಾರ ತೀತನನ್ನು ಬಿಟ್ಟುಹೋದದ್ದೂ ಊರೂರಿನಲ್ಲಿ ಹಿರಿಯರನ್ನು ನೇಮಿಸುವುದಕ್ಕಾಗಿಯೇ. ಈ ಹಿರಿಯರ ಕೆಲಸ ಏನೆಂಬುದು ಬೇರೆ ಬೇರೆ ಪತ್ರಿಕೆಗಳಲ್ಲಿ ಚದುರಿಕೊಂಡಿದೆ. ಮಂದೆಯನ್ನು ಮೇಯಿಸಿ ಮೇಲ್ವಿಚಾರಣೆ ಮಾಡುವುದು, ಸ್ವಸ್ಥಬೋಧನೆಯನ್ನು ಕಾಪಾಡಿ ಎದುರು ಮಾತಾಡುವವರಿಗೆ ಉತ್ತರ ಕೊಡುವುದು, ರೋಗಿಯ ಬಳಿಗೆ ಹೋಗಿ ಎಣ್ಣೆ ಹಚ್ಚಿ ಪ್ರಾರ್ಥಿಸುವುದು ಅವುಗಳಲ್ಲಿ ಮುಖ್ಯವಾದವು. ಬರಗಾಲದ ಸಮಯದಲ್ಲಿ ಅಂತಿಯೋಕ್ಯದವರು ಕೂಡಿಸಿದ ಸಹಾಯಧನ ಯೂದಾಯದ ಹಿರಿಯರ ಕೈಗೇ ತಲುಪಿತು ಎಂಬುದನ್ನು ನೋಡಿದರೆ, ಹಣದ ಹೊಣೆಯೂ ಅವರ ಮೇಲಿತ್ತು. ಚೆನ್ನಾಗಿ ಆಳುವ ಹಿರಿಯರು, ವಿಶೇಷವಾಗಿ ಬೋಧನೆಯಲ್ಲಿ ಪ್ರಯಾಸಪಡುವವರು, ಇಮ್ಮಡಿ ಗೌರವಕ್ಕೆ ಯೋಗ್ಯರೆಂದು 1 ತಿಮೊಥೆಯನಿಗೆ 5:17 ಹೇಳುತ್ತದೆ. ನಾಯಕರ ಮಾತನ್ನು ಕೇಳಿ ಅವರಿಗೆ ಅಧೀನರಾಗಿರಬೇಕೆಂದು ಇಬ್ರಿಯರಿಗೆ 13:17 ಹೇಳುತ್ತದೆ. ಹೀಗಿರುವಾಗ ಹಿರಿಯರು ಕೇವಲ ಸಲಹೆಗಾರರು ಎನ್ನುವ ವಾದ ನನಗೆ ಒಪ್ಪಿಗೆಯಾಗುವುದಿಲ್ಲ.

ಆದರೆ ಇದೇ ವಚನಗಳ ಆಸುಪಾಸಿನಲ್ಲೇ ಬೇಲಿಯೂ ಇದೆ. ಅಧೀನರಾಗಿರಿ ಎಂದು ಹೇಳುವ ವಚನವೇ ಆ ನಾಯಕರು ಲೆಕ್ಕ ಒಪ್ಪಿಸಬೇಕಾದವರು ಎನ್ನುತ್ತದೆ. ಇಮ್ಮಡಿ ಗೌರವದ ಮಾತು ಮುಗಿದು ಎರಡು ವಚನ ಕಳೆಯುವುದರೊಳಗೆ, ಇಬ್ಬರು ಮೂವರು ಸಾಕ್ಷಿಗಳಿಲ್ಲದೆ ಹಿರಿಯನ ಮೇಲಿನ ದೂರನ್ನು ತೆಗೆದುಕೊಳ್ಳಬಾರದೆಂಬ ರಕ್ಷಣೆಯೂ, ಪಾಪದಲ್ಲಿ ಮುಂದುವರಿಯುವವರನ್ನು ಎಲ್ಲರ ಮುಂದೆ ಗದರಿಸಬೇಕೆಂಬ ಕಟ್ಟಪ್ಪಣೆಯೂ ಜೊತೆಜೊತೆಯಾಗಿ ಬರುತ್ತವೆ. ತನ್ನನ್ನು ಜೊತೆಹಿರಿಯನೆಂದು ಕರೆದುಕೊಂಡ ಪೇತ್ರನು, ನೀಚಲಾಭಕ್ಕಾಗಿಯೂ ದೊರೆತನ ಮಾಡುವುದಕ್ಕಾಗಿಯೂ ಈ ಕೆಲಸ ಬೇಡ, ಮಂದೆಗೆ ಮಾದರಿಯಾಗಿರಿ ಎನ್ನುತ್ತಾನೆ. ಎಲ್ಲಕ್ಕಿಂತ ಗಂಭೀರವಾದದ್ದು ಮಿಲೇತದಲ್ಲಿ ಪೌಲನು ಎಫೆಸದ ಹಿರಿಯರಿಗೆ ಹೇಳಿದ ಮಾತು. ಮಂದೆಯೊಳಗೆ ಕ್ರೂರ ತೋಳಗಳು ನುಗ್ಗುವವೆಂದು ಎಚ್ಚರಿಸಿದ ಅವನು ಅಲ್ಲಿಗೇ ನಿಲ್ಲದೆ, ನಿಮ್ಮೊಳಗಿಂದಲೇ ಎದ್ದು ಶಿಷ್ಯರನ್ನು ತಮ್ಮ ಕಡೆಗೆ ಎಳೆದುಕೊಳ್ಳುವವರು ಬರುವರು ಎಂದನು. ಆ ಎಚ್ಚರಿಕೆಯನ್ನು ಕೇಳಿಸಿಕೊಂಡವರು ಹಿರಿಯರೇ ಎಂಬುದನ್ನು ಯಾವ ನಿಯಮಾವಳಿಯೂ ಮರೆಯಬಾರದು. ಅಪಾಯ ಹೊರಗಿನಿಂದ ಮಾತ್ರ ಬರುತ್ತದೆಂದು ಭಾವಿಸಿ ಕಟ್ಟಿದ ಆಡಳಿತಕ್ಕೆ ಈ ಭಾಗದ ಅರ್ಧವಷ್ಟೇ ಕೇಳಿಸಿದಂತಾಗುತ್ತದೆ.

ಎಲ್ಲೆ ಮೀರಿದಾಗ ಏನಾಗುತ್ತದೆ ಎಂಬುದಕ್ಕೆ ಚರಿತ್ರೆಯಲ್ಲಿ ಉದಾಹರಣೆಗಳಿವೆ. 1970ರ ದಶಕದಲ್ಲಿ ಅಮೆರಿಕದಲ್ಲಿ ಹಬ್ಬಿದ ಶೆಫರ್ಡಿಂಗ್ ಚಳವಳಿಯಲ್ಲಿ ಪ್ರತಿಯೊಬ್ಬ ವಿಶ್ವಾಸಿಯೂ ಒಬ್ಬ ಮೇಲ್ವಿಚಾರಕನಿಗೆ ವೈಯಕ್ತಿಕವಾಗಿ ಅಧೀನನಾಗಬೇಕಿತ್ತು. ಉದ್ಯೋಗ, ಮದುವೆ, ಹಣಕಾಸಿನಂತಹ ವಿಷಯಗಳೂ ಅವನ ಒಪ್ಪಿಗೆಯ ಕೆಳಗೆ ಬಂದವು. ಶಿಷ್ಯತ್ವವನ್ನು ಆಳಗೊಳಿಸಬೇಕೆಂಬ ಒಳ್ಳೆಯ ಉದ್ದೇಶದಿಂದ ಆರಂಭವಾದದ್ದು ಅನೇಕ ಕುಟುಂಬಗಳಿಗೆ ಗಾಯವಾಗಿ ಉಳಿಯಿತು, ಮುಂದೆ ಅದರ ನಾಯಕರಲ್ಲಿ ಕೆಲವರು ಬಹಿರಂಗವಾಗಿ ವಿಷಾದ ವ್ಯಕ್ತಪಡಿಸಿದರು. ಶಾಸ್ತ್ರ ಸ್ಪಷ್ಟವಾಗಿ ಆಜ್ಞಾಪಿಸಿದ ವಿಷಯದಲ್ಲಿ ಹಿರಿಯರು ಅಧಿಕಾರದಿಂದ ಮಾತಾಡಬಹುದು. ಶಾಸ್ತ್ರ ಬಿಟ್ಟುಕೊಟ್ಟ ವಿಷಯದಲ್ಲಿ ಅವರು ಬುದ್ಧಿ ಹೇಳಬಹುದು, ಎಚ್ಚರಿಸಬಹುದು, ಆದರೆ ಯಾರ ಮನಸ್ಸಾಕ್ಷಿಯನ್ನೂ ಕಟ್ಟಿಹಾಕುವಂತಿಲ್ಲ. ನಿಮ್ಮ ನಂಬಿಕೆಯ ಮೇಲೆ ನಾವು ಒಡೆತನ ಮಾಡುವವರಲ್ಲ, ನಿಮ್ಮ ಸಂತೋಷಕ್ಕೆ ಸಹಾಯಕರು ಎಂದು ಅಪೊಸ್ತಲನೇ ಕೊರಿಂಥದವರಿಗೆ ಬರೆದಿರುವಾಗ ಸ್ಥಳೀಯ ಹಿರಿಯನು ಅದಕ್ಕಿಂತ ಹೆಚ್ಚಿನದನ್ನು ಕೇಳುವುದು ಹೇಗೆ?

ಅಳೆಯುವ ಮಾನದಂಡಗಳು

ಈ ಹಿನ್ನೆಲೆಯಲ್ಲಿ ಪ್ರತಿಯೊಂದು ಪದ್ಧತಿಗೂ ಐದು ಪ್ರಶ್ನೆಗಳನ್ನು ಕೇಳಬೇಕು. ಹಿರಿಯರನ್ನು ಆರಿಸುವವರು ಯಾರು, ತೆಗೆಯುವವರು ಯಾರು? ಹಿರಿಯರ ತೀರ್ಮಾನದಿಂದ ನೊಂದವರು ಯಾರ ಬಳಿಗೆ ಹೋಗಬಹುದು? ಬೋಧನೆ ದಾರಿ ತಪ್ಪಿದರೆ ಅದನ್ನು ಗುರುತಿಸಿ ನಿಲ್ಲಿಸುವ ಶಕ್ತಿ ಯಾರಿಗಿದೆ? ಹಾಸಿಗೆ ಹಿಡಿದವರು, ವಿಧವೆಯರು, ನಂಬಿಕೆಯಲ್ಲಿ ಕುಗ್ಗಿದವರ ಮನೆಗೆ ಹಿರಿಯರು ನಿಜವಾಗಿ ತಲುಪುತ್ತಾರೆಯೇ? ಕೊನೆಯದಾಗಿ, ಹಣ, ಸಮಯ, ಯೋಗ್ಯ ಜನ ಈ ಮೂರರಲ್ಲಿ ಆ ಪದ್ಧತಿ ಎಷ್ಟನ್ನು ಬೇಡುತ್ತದೆ? ಕೊನೆಯ ಪ್ರಶ್ನೆಯನ್ನು ಕೇಳುವುದು ಭಕ್ತಿಗೆ ಕೊರತೆ ಎಂದು ಭಾವಿಸುವವರಿದ್ದಾರೆ. ಆದರೆ ತನ್ನಿಂದ ನಡೆಸಲಾಗದ ಪದ್ಧತಿಯನ್ನು ಕಾಗದದ ಮೇಲೆ ಒಪ್ಪಿಕೊಂಡ ಸಭೆಯಲ್ಲಿ ಕೊನೆಗೆ ಯಾವ ಪದ್ಧತಿಯೂ ಉಳಿಯದೆ, ಗಟ್ಟಿಯಾಗಿ ಮಾತಾಡುವವರ ಕೈಗೆ ಆಡಳಿತ ಜಾರುತ್ತದೆ.

ಬಿಷಪರ ಆಡಳಿತವುಳ್ಳ ಸಭೆಗಳು

ಎರಡನೆಯ ಶತಮಾನದ ಆರಂಭದಲ್ಲೇ ಅಂತಿಯೋಕ್ಯದ ಬಿಷಪ್ ಇಗ್ನೇಷಿಯಸ್, ರಕ್ತಸಾಕ್ಷಿಯಾಗಲು ರೋಮಿಗೆ ಹೋಗುವ ದಾರಿಯಲ್ಲಿ ಬರೆದ ಪತ್ರಗಳಲ್ಲಿ, ಒಬ್ಬ ಬಿಷಪ್, ಅವನ ಸುತ್ತ ಹಿರಿಯರ ಮಂಡಳಿ, ಜೊತೆಗೆ ಸಭಾಸೇವಕರು ಎಂಬ ವ್ಯವಸ್ಥೆಯನ್ನು ಬಲವಾಗಿ ಎತ್ತಿಹಿಡಿದನು. ಮೊದಲು ಸಭೆಗಳನ್ನು ಹಿರಿಯರು ಕೂಡಿ ನಡೆಸುತ್ತಿದ್ದರು, ಒಡಕುಗಳನ್ನು ತಡೆಯುವುದಕ್ಕಾಗಿ ಅವರಲ್ಲೊಬ್ಬನನ್ನು ಮೇಲಿಟ್ಟರು ಎಂದು ಬೈಬಲ್ ಪಂಡಿತ ಜೆರೋಮ್ ಮುಂದೆ ವಿವರಿಸಿದ್ದಾನೆ. ಕಥೋಲಿಕ, ಆರ್ಥೊಡಾಕ್ಸ್, ಆಂಗ್ಲಿಕನ್ ಸಭೆಗಳು ಈ ಸಾಲಿಗೆ ಸೇರುತ್ತವೆ. ಇಲ್ಲಿ ಹಿರಿಯನ ಸ್ಥಾನ ಬಹುಮಟ್ಟಿಗೆ ದೀಕ್ಷೆ ಪಡೆದ ಯಾಜಕನದು. ಸಾಮಾನ್ಯ ವಿಶ್ವಾಸಿಗಳು ಸಮಿತಿಗಳ ಮೂಲಕ ಪಾಲುಗೊಳ್ಳುತ್ತಾರೆ.

ಈ ಪದ್ಧತಿಯ ದೊಡ್ಡ ಬಲ ಮೇಲ್ಮನವಿ. ಸ್ಥಳೀಯ ಯಾಜಕನಿಂದ ತೊಂದರೆಯಾದರೆ ಅವನ ಮೇಲೆ ಒಬ್ಬರಿದ್ದಾರೆ, ವರ್ಗಾವಣೆ ಸಾಧ್ಯ, ತನಿಖೆ ಸಾಧ್ಯ. ತನ್ನದೇ ಪಾಲಕನನ್ನು ಸಾಕಲಾಗದ ಬಡ ಸಭೆಗೂ ಸಂಸ್ಕಾರಗಳು ನಿಲ್ಲದೆ ದೊರೆಯುತ್ತವೆ, ಏಕೆಂದರೆ ಒಬ್ಬ ಯಾಜಕನನ್ನು ಹಲವು ಸಭೆಗಳು ಹಂಚಿಕೊಳ್ಳಬಹುದು. ದೌರ್ಬಲ್ಯ ಅದೇ ಮೇಲ್ಮಟ್ಟದಲ್ಲಿದೆ: ಬಿಷಪರೇ ತಪ್ಪನ್ನು ಮುಚ್ಚಿಟ್ಟರೆ ಸಾಮಾನ್ಯ ವಿಶ್ವಾಸಿಯ ಕೈಗೆ ಎಟುಕುವ ಸಾಧನ ಕಡಿಮೆ. ಕಥೋಲಿಕ ಸಭೆಯ 1983ರ ಧರ್ಮಶಾಸನ ಸಂಹಿತೆಯ ಪ್ರಕಾರ ಪ್ರತಿಯೊಂದು ಧರ್ಮಕೇಂದ್ರದಲ್ಲಿ ಹಣಕಾಸು ಸಮಿತಿ ಇರಲೇಬೇಕು. ಆದರೆ ಪಾಲನಾ ಸಮಿತಿಯ ಮತಕ್ಕೆ ಸಲಹೆಯ ಬೆಲೆ ಮಾತ್ರ ಇದೆ. ಆಂಗ್ಲಿಕನ್ ಸಭೆಗಳ ಆಡಳಿತ ಮಹಾಕೂಟಗಳಾದ ಸಿನೊಡ್‌ಗಳಲ್ಲಿ ಬಿಷಪರು ಮತ್ತು ಯಾಜಕರ ಜೊತೆಗೆ ಸಾಮಾನ್ಯ ವಿಶ್ವಾಸಿಗಳ ಪ್ರತಿನಿಧಿಗಳೂ ಮತ ಹಾಕುವುದರಿಂದ ಸಮತೋಲ ಅಲ್ಲಿ ಸ್ವಲ್ಪ ಹೆಚ್ಚು. ಶತಮಾನಗಳ ಆರಾಧನಾ ಪರಂಪರೆ, ನೆಲೆಗೊಂಡ ಬೋಧನೆ, ಸ್ಥಳೀಯ ಜಗಳಗಳಿಂದ ದೂರವಿರುವ ಮೇಲಧಿಕಾರ ಇವುಗಳನ್ನು ಬಯಸುವವರಿಗೆ ಇದು ಒಪ್ಪುವ ದಾರಿ.

ಪ್ರೆಸ್ಬಿಟೇರಿಯನ್ ಪದ್ಧತಿ

ಹಿರಿಯರ ಅಧಿಕಾರವನ್ನು ಅತಿ ವಿವರವಾಗಿ ಯೋಚಿಸಿರುವುದು ಈ ಪರಂಪರೆಯಲ್ಲಿಯೇ ಆದ್ದರಿಂದ ಇದರ ಬಳಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು. 1541ರಲ್ಲಿ ಜಿನೀವಾ ನಗರ ಒಪ್ಪಿಕೊಂಡ ಸಭಾನಿಯಮಗಳಲ್ಲಿ ಸುಧಾರಕ ಕ್ಯಾಲ್ವಿನನು ಪಾಲಕರು, ಬೋಧಕರು, ಹಿರಿಯರು, ಸಭಾಸೇವಕರು ಎಂಬ ನಾಲ್ಕು ಸೇವೆಗಳನ್ನು ಗುರುತಿಸಿದನು. ನಗರದ ಆಡಳಿತ ಮಂಡಳಿಗಳಿಂದ ಆರಿಸಲ್ಪಟ್ಟ 12 ಹಿರಿಯರು ಪಾಲಕರೊಂದಿಗೆ ವಾರಕ್ಕೊಮ್ಮೆ ಗುರುವಾರದಂದು ಕುಳಿತು ದಾಂಪತ್ಯದ ಜಗಳ, ಕುಡಿತ, ಆರಾಧನೆಗೆ ಗೈರುಹಾಜರಿ ಮುಂತಾದವನ್ನು ವಿಚಾರಿಸುತ್ತಿದ್ದರು. ಆದರೆ ರೊಟ್ಟಿಯನ್ನೂ ದ್ರಾಕ್ಷಾರಸವನ್ನೂ ಹಂಚಿಕೊಳ್ಳುವ ಕರ್ತನ ಭೋಜನದಿಂದ ಒಬ್ಬನನ್ನು ದೂರವಿಡುವ ಅಧಿಕಾರ ಈ ಮಂಡಳಿಯದೋ ನಗರಾಡಳಿತದ್ದೋ ಎಂಬ ವಿವಾದ ಬಗೆಹರಿದದ್ದು 1555ರ ಹೊತ್ತಿಗೆ. ಸಭೆಯ ಶಿಸ್ತು ಸಭೆಯದೇ, ಸರ್ಕಾರದ್ದಲ್ಲ ಎಂಬ ತತ್ವ ಗಟ್ಟಿಯಾದದ್ದು ಹೀಗೆ ಹೋರಾಟದಿಂದ.

ಇದು ಜನರ ಬದುಕಿಗೆ ಹೇಗೆ ತಾಗುತ್ತಿತ್ತು ಎಂಬುದನ್ನು ಸ್ಕಾಟ್ಲೆಂಡಿನಲ್ಲಿ ಹತ್ತಿರದಿಂದ ನೋಡಬಹುದು. ಅಲ್ಲಿ ಕರ್ತನ ಭೋಜನಕ್ಕೆ ಮುಂಚೆ ವಿಶ್ವಾಸಿಗಳ ತಿಳಿವಳಿಕೆಯನ್ನೂ ನಡತೆಯನ್ನೂ ವಿಚಾರಿಸಿ, ಯೋಗ್ಯರೆಂದು ಕಂಡವರ ಕೈಗೆ ಸೀಸದ ಒಂದು ಪುಟ್ಟ ಬಿಲ್ಲೆಯನ್ನು ಕೊಡುತ್ತಿದ್ದರು. ಭೋಜನದ ದಿನ ಆ ಬಿಲ್ಲೆಯನ್ನು ಹಿರಿಯರ ಕೈಗೆ ಮರಳಿಸಿದವರಿಗೆ ಮಾತ್ರ ಮೇಜಿನ ಬಳಿ ಸ್ಥಳ. ಉಗುರಗಲದ ಆ ಲೋಹದ ತುಂಡಿನಲ್ಲಿ ಹಿರಿಯರ ಅಧಿಕಾರದ ಎರಡು ಮುಖಗಳೂ ಇದ್ದವು. ಒಂದು ಕಡೆ, ಯಾವ ಮನೆಯೂ ವಿಚಾರಿಸುವವರಿಲ್ಲದೆ ಉಳಿಯುತ್ತಿರಲಿಲ್ಲ. ಹಿರಿಯನೊಬ್ಬನು ಬಾಗಿಲಿಗೆ ಬಂದು ಪ್ರಾರ್ಥನೆ ನಡೆಯುತ್ತಿದೆಯೇ, ಮಕ್ಕಳು ಕಲಿಯುತ್ತಿದ್ದಾರೆಯೇ ಎಂದು ಕೇಳುತ್ತಿದ್ದನು. ಇನ್ನೊಂದು ಕಡೆ, ಬಿಲ್ಲೆ ಸಿಗದವರು ಇಡೀ ಊರಿನ ಕಣ್ಣಿಗೆ ಬೀಳುತ್ತಿದ್ದರು. ಆರೈಕೆಯ ಕೈಯೂ ತಡೆಯುವ ಕೈಯೂ ಒಂದೇ ಆಗಿರುವುದರಿಂದಲೇ ಹಿರಿಯರ ಗುಣಶೀಲದ ಬಗ್ಗೆ 1 ತಿಮೊಥೆಯನಿಗೆ 3ನೆಯ ಅಧ್ಯಾಯ ಅಷ್ಟು ಬಿಗಿಯಾಗಿದೆ.

ಇಂದಿನ ಪ್ರೆಸ್ಬಿಟೇರಿಯನ್ ಸಭೆಗಳಲ್ಲಿ ಸದಸ್ಯರು ಆರಿಸಿದ ಹಿರಿಯರು ಪಾಲಕರೊಡನೆ ಸ್ಥಳೀಯ ಮಂಡಳಿಯಾಗಿ ಕೂಡುತ್ತಾರೆ. ಬೋಧಿಸುವ ಹಿರಿಯರು, ಆಳುವ ಹಿರಿಯರು ಎಂದು ಎರಡು ಬಗೆ ಇದ್ದರೂ ಮಂಡಳಿಯಲ್ಲಿ ಮತ ಸಮಾನ. ಅದರ ಮೇಲೆ ಪ್ರದೇಶದ ಸಭೆಗಳೆಲ್ಲ ಸೇರಿದ ಪ್ರೆಸ್ಬಿಟರಿ, ಅದರ ಮೇಲೆ ಸಿನೊಡ್ ಅಥವಾ ಮಹಾಸಭೆ ಇರುತ್ತದೆ. ಸ್ಥಳೀಯ ಹಿರಿಯರ ತೀರ್ಮಾನ ಅನ್ಯಾಯವೆಂದು ಕಂಡ ಸದಸ್ಯರು ಮೇಲಿನ ಮಟ್ಟಕ್ಕೆ ಹೋಗಬಹುದು. ಅಂತಿಯೋಕ್ಯದ ವಿವಾದ ಯೆರೂಸಲೇಮಿನ ಅಪೊಸ್ತಲರ ಮತ್ತು ಹಿರಿಯರ ಮುಂದೆ ಹೋದ ಅಪೊಸ್ತಲರ ಕೃತ್ಯಗಳು 15ನೆಯ ಅಧ್ಯಾಯವನ್ನು ಅವರು ಇದಕ್ಕೆ ಆಧಾರವಾಗಿ ತೋರಿಸುತ್ತಾರೆ. ಹಿರಿಯರನ್ನು ತಿದ್ದುವವರು ಯಾರು ಎಂಬ ನನ್ನ ಮೊದಲ ಪ್ರಶ್ನೆಗೆ ಅತ್ಯಂತ ಸ್ಪಷ್ಟವಾದ ಉತ್ತರ ದೊರೆಯುವುದು ಇಲ್ಲಿ. ಒಬ್ಬನ ಕೈಯಲ್ಲಿ ಎಲ್ಲವೂ ಸೇರುವುದಿಲ್ಲ, ಹಾಗೆಂದು ಬಹುಮತದ ಅಲೆಗೂ ಎಲ್ಲವೂ ಸಿಕ್ಕುವುದಿಲ್ಲ.

ಆದರೆ ಇದಕ್ಕೆ ತಗಲುವ ಬೆಲೆ ಕಡಿಮೆಯಲ್ಲ. ನಡವಳಿ ಪುಸ್ತಕ, ನೋಟಿಸು, ವಿಚಾರಣೆಯ ವಿಧಿವಿಧಾನ ಎಲ್ಲವೂ ಕ್ರಮವಾಗಿರಬೇಕು. ಒಂದು ದೂರು ಇತ್ಯರ್ಥವಾಗಲು ದೀರ್ಘ ಕಾಲ ಹಿಡಿಯಬಹುದು, ಅಷ್ಟರಲ್ಲಿ ನೊಂದವರು ಸಭೆ ಬಿಟ್ಟು ಹೋಗಿರಬಹುದು. ಮೇಲಿನ ಮಟ್ಟದಲ್ಲಿ ಕೂರುವವರು ಕೆಳಗಿನವರ ಸ್ನೇಹಿತರೇ ಆಗಿದ್ದರೆ ಮೇಲ್ಮನವಿ ಹೆಸರಿಗಷ್ಟೇ ಉಳಿಯುತ್ತದೆ. ಇದಕ್ಕಿಂತ ಸದ್ದಿಲ್ಲದೆ ಬೆಳೆಯುವ ಕೇಡು ಒಂದಿದೆ. ಚುನಾವಣೆಯಲ್ಲಿ ಹಣವುಳ್ಳವರೂ ಹುದ್ದೆಯುಳ್ಳವರೂ ಸುಲಭವಾಗಿ ಆರಿಸಿಬರುತ್ತಾರೆ. ಕೂಟದಲ್ಲಿ ಲೆಕ್ಕಪತ್ರವನ್ನು ಚೊಕ್ಕವಾಗಿ ಮಂಡಿಸುವ ಹಿರಿಯನಿಗೆ ರೋಗಿಯ ಹಾಸಿಗೆಯ ಪಕ್ಕದಲ್ಲಿ ಕುಳಿತು ಪ್ರಾರ್ಥಿಸಲು ಬಾರದಿದ್ದರೆ, ಆ ಸಭೆಗೆ ಒಳ್ಳೆಯ ಆಡಳಿತಗಾರ ಸಿಕ್ಕಿದ್ದಾನೆ, ಹಿರಿಯ ಸಿಕ್ಕಿಲ್ಲ. ಸೇವಾವಧಿಯ ವಿಷಯದಲ್ಲೂ ಈ ಪರಂಪರೆಯೊಳಗೆ ಭೇದವಿದೆ. 1560ರ ಸ್ಕಾಟಿಷ್ ಸುಧಾರಕರು ಹಿರಿಯರನ್ನು ವರ್ಷವರ್ಷವೂ ಆರಿಸಬೇಕೆಂದು ಬಯಸಿದ್ದರು, ಮುಂದೆ ಅಲ್ಲಿ ಅದು ಜೀವಾವಧಿಯ ಸೇವೆಯಾಯಿತು, ಬೇರೆ ಕಡೆಗಳಲ್ಲಿ ನಿಗದಿತ ಅವಧಿಯ ನಂತರ ಬಿಡುವು ಪಡೆಯುವ ರೂಢಿ ಬೆಳೆಯಿತು. ನನ್ನ ಆಯ್ಕೆ ಕೊನೆಯದು. ಬಿಡುವಿನ ಅವಧಿಯಿದ್ದರೆ ದಣಿದ ಹಿರಿಯನು ಗೌರವದಿಂದ ಇಳಿಯಬಹುದು, ತಕ್ಕವನಲ್ಲದವನನ್ನು ಜಗಳವಿಲ್ಲದೆ ಬದಲಿಸಬಹುದು.

ಸದಸ್ಯರ ಕೂಟಕ್ಕೆ ಕೊನೆಯ ಮಾತು ಕೊಡುವ ಸಭೆಗಳು

ತಪ್ಪು ಮಾಡಿದ ಸಹೋದರನ ವಿಷಯ ಕೊನೆಗೆ ಸಭೆಗೆ ತಿಳಿಸಲ್ಪಡಬೇಕೆಂದು ಕರ್ತನು ಮತ್ತಾಯ 18:17ರಲ್ಲಿ ಹೇಳಿದನು. ಕೊರಿಂಥದ ಪಾಪಿಯನ್ನು ಹೊರಹಾಕುವ ಆಜ್ಞೆ ಬಂದದ್ದು ಕೂಡಿದ ಇಡೀ ಸಭೆಗೆ. ಯೆರೂಸಲೇಮಿನಲ್ಲಿ ಏಳು ಮಂದಿಯನ್ನು ಆರಿಸಿದ್ದು ಶಿಷ್ಯರ ಸಮೂಹ. ಈ ಆಧಾರಗಳ ಮೇಲೆ ಕಾಂಗ್ರಿಗೇಷನಲ್ ಮತ್ತು ಬ್ಯಾಪ್ಟಿಸ್ಟ್ ಸಭೆಗಳು ಸದಸ್ಯತ್ವ, ಶಿಸ್ತು, ಪಾಲಕನ ಆಯ್ಕೆ ಇವುಗಳ ಅಂತಿಮ ತೀರ್ಮಾನವನ್ನು ಸದಸ್ಯರ ಕೂಟಕ್ಕೆ ಬಿಡುತ್ತವೆ. ನ್ಯೂ ಇಂಗ್ಲೆಂಡಿನ ಸಭೆಗಳು 1648ರಲ್ಲಿ ಕೇಂಬ್ರಿಜ್‌ನಲ್ಲಿ ಒಪ್ಪಿಕೊಂಡ ಆಡಳಿತ ಸೂತ್ರವೂ, ಇಂಗ್ಲೆಂಡಿನ 1658ರ ಸವಾಯ್ ಘೋಷಣೆಯೂ ಈ ನಿಲುವಿನ ಹಳೆಯ ದಾಖಲೆಗಳು. ಅವುಗಳಲ್ಲಿ ಹಿರಿಯರ ಸ್ಥಾನ ಅಳಿಸಿಹೋಗಿರಲಿಲ್ಲ ಎಂಬುದನ್ನು ಗಮನಿಸಬೇಕು. ಸಭೆ ಆರಿಸುತ್ತದೆ, ಹಿರಿಯರು ನಡೆಸುತ್ತಾರೆ ಎಂಬುದೇ ಅವುಗಳ ಆಶಯ. ಒಬ್ಬ ಪಾಲಕ, ಕೆಲವು ಸಭಾಸೇವಕರು, ಉಳಿದದ್ದೆಲ್ಲ ಮತದಾನ ಎಂಬ ಸ್ಥಿತಿ ಅನೇಕ ಕಡೆ ನಂತರ ಬಂದದ್ದು.

ಸದಸ್ಯರು ತಮ್ಮ ಸಭೆಯನ್ನು ತಮ್ಮದೆಂದು ಭಾವಿಸುವುದು, ಕಾಣಿಕೆಯ ಲೆಕ್ಕ ಎಲ್ಲರ ಮುಂದೆ ಬರುವುದು, ಹಿರಿಯನೊಬ್ಬನು ದೊರೆಯಾಗಲು ಅವಕಾಶ ಕಡಿಮೆಯಿರುವುದು ಇದರ ಬಲ. ಖರ್ಚೂ ಕಡಿಮೆ, ಮೇಲಿನ ಸಂಸ್ಥೆಗೆ ಕಟ್ಟಬೇಕಾದ ಪಾಲಿಲ್ಲ. ಆದರೆ ಈ ಪದ್ಧತಿ ಸದಸ್ಯರ ಪಕ್ವತೆಯ ಮೇಲೆ ನಿಂತಿದೆ. ನಂಬಿಕೆಗೆ ಹೊಸಬರೇ ಹೆಚ್ಚಿರುವಲ್ಲಿ, ಅಥವಾ ಒಂದೆರಡು ದೊಡ್ಡ ಕುಟುಂಬಗಳು ಮತಗಳನ್ನು ಹಿಡಿದಿರುವಲ್ಲಿ, ಮನಸ್ಸಿಗೆ ಹಿಡಿಸದ ಸತ್ಯವನ್ನು ಬೋಧಿಸಿದ ಪಾಲಕನು ಮುಂದಿನ ಕೂಟದಲ್ಲಿ ಕೆಲಸ ಕಳೆದುಕೊಳ್ಳಬಹುದು. ಒಂದು ಮನೆಯ ಗುಟ್ಟಿನ ನೋವನ್ನು ನೂರು ಜನರ ಮುಂದೆ ಚರ್ಚಿಸುವುದು ಶಿಸ್ತೂ ಅಲ್ಲ, ಕರುಣೆಯೂ ಅಲ್ಲ. ಬಹುಮತವೇ ತಪ್ಪಿದಾಗ ಹೋಗಲು ಹೊರಗೆ ಯಾರೂ ಇಲ್ಲ.

ಸ್ವತಂತ್ರ ಸಭೆಯಲ್ಲಿ ಹಲವು ಹಿರಿಯರು

ಮೇಲಿನ ಸಂಸ್ಥೆಯಿಲ್ಲ, ಆದರೆ ಒಳಗೆ ಸಮಾನರಾದ ಹಲವು ಹಿರಿಯರಿದ್ದಾರೆ. 1830ರ ಸುಮಾರಿನಿಂದ ಬೆಳೆದ ಬ್ರದರನ್ ಸಭೆಗಳಲ್ಲಿ ಅನೇಕವು ಹೀಗೆ ನಡೆಯುತ್ತವೆ. 1689ರ ಬ್ಯಾಪ್ಟಿಸ್ಟ್ ವಿಶ್ವಾಸಪ್ರಮಾಣವನ್ನು ಅನುಸರಿಸುವ ಸಭೆಗಳೂ ಈ ದಾರಿಯಲ್ಲಿವೆ. ಹಿರಿಯನನ್ನು ಸಭೆಯೇ ಒಮ್ಮತದ ಆಯ್ಕೆಯಿಂದ ಕರೆದು, ಉಪವಾಸ ಪ್ರಾರ್ಥನೆಯೊಂದಿಗೆ ಕೈಯಿಟ್ಟು ನೇಮಿಸಬೇಕೆಂಬುದು ಆ ಪ್ರಮಾಣದ ಮಾತು. ಹೊಸ ಒಡಂಬಡಿಕೆಯಲ್ಲಿ ಕಾಣುವ ಸ್ಥಳೀಯ ಚಿತ್ರಕ್ಕೆ ಈ ಪದ್ಧತಿ ಹತ್ತಿರವಾಗಿದೆ ಎಂದು ನನಗೆ ತೋರುತ್ತದೆ. ಸಂಬಳದ ಪಾಲಕನನ್ನು ಇಡಲಾಗದ ಸಭೆಗೂ ಇದು ನಿಲುಕುತ್ತದೆ. ತಮ್ಮ ತಮ್ಮ ಉದ್ಯೋಗ ಮಾಡಿಕೊಂಡೇ ಮೂರು ನಾಲ್ಕು ಮಂದಿ ಬೋಧನೆಯನ್ನೂ ಭೇಟಿಯನ್ನೂ ಹಂಚಿಕೊಳ್ಳಬಹುದು. ತನ್ನ ಕೈಗಳಿಂದಲೇ ದುಡಿದೆನೆಂದು ಪೌಲನು ಎಫೆಸದ ಹಿರಿಯರಿಗೇ ನೆನಪಿಸಿದ್ದನು.

ಇಲ್ಲಿ ನೋಡಬೇಕಾದ ಸೂಕ್ಷ್ಮ ಒಂದಿದೆ. ಹಿರಿಯರು ನಡೆಸುವ ಸಭೆ ಬೇರೆ, ಹಿರಿಯರೇ ಎಲ್ಲವನ್ನೂ ತೀರ್ಮಾನಿಸುವ ಸಭೆ ಬೇರೆ. ಮೊದಲನೆಯದರಲ್ಲಿ ಹಿರಿಯರ ನೇಮಕ, ಶಿಸ್ತಿನ ಕೊನೆಯ ಹೆಜ್ಜೆ, ವಾರ್ಷಿಕ ಲೆಕ್ಕ ಇವು ಸದಸ್ಯರ ಒಪ್ಪಿಗೆಗೆ ಬರುತ್ತವೆ. ಎರಡನೆಯದರಲ್ಲಿ ಇರುವ ಹಿರಿಯರೇ ಮುಂದಿನ ಹಿರಿಯರನ್ನು ಆರಿಸುತ್ತಾರೆ. ಕೆಲವು ವರ್ಷ ಕಳೆದ ಮೇಲೆ ಮಂಡಳಿಯಲ್ಲಿ ಒಂದೇ ಮನಸ್ಸಿನವರು, ಕೆಲವೊಮ್ಮೆ ಒಂದೇ ನೆಂಟಸ್ತಿಕೆಯವರು ಉಳಿಯುತ್ತಾರೆ. ಹೊರಗೂ ಕೇಳುವವರಿಲ್ಲ, ಒಳಗೂ ಕೇಳುವವರಿಲ್ಲ ಎಂಬ ಸ್ಥಿತಿ ಅದು. ಎರಡರ ನಡುವೆ ಆರಿಸುವವರಿಗೆ ಮೊದಲನೆಯದನ್ನೇ ನಾನು ಹಿಂಜರಿಕೆಯಿಲ್ಲದೆ ಸೂಚಿಸುತ್ತೇನೆ. ಜೊತೆಗೆ ಹಿರಿಯನ ಮೇಲೆ ದೂರು ಬಂದಾಗ ನೆರೆಯ ಸಭೆಗಳ ಇಬ್ಬರು ಮೂವರು ಅನುಭವಿ ಹಿರಿಯರನ್ನು ವಿಚಾರಣೆಗೆ ಕರೆಯಬೇಕೆಂದು ನಿಯಮಾವಳಿಯಲ್ಲೇ ಬರೆದಿಟ್ಟರೆ ಈ ಪದ್ಧತಿಯ ದೊಡ್ಡ ಕೊರತೆ ಬಹುಪಾಲು ನೀಗುತ್ತದೆ.

ಒಬ್ಬ ಪಾಲಕ, ಸುತ್ತ ಸಲಹೆಗಾರರು

ಒಬ್ಬರ ಸೇವೆಯಿಂದ ಹುಟ್ಟಿದ ಸಭೆಗಳಲ್ಲಿ ಈ ಸ್ಥಿತಿ ಸಹಜವಾಗಿ ಬರುತ್ತದೆ. ಆರಂಭದ ದಿನಗಳಲ್ಲಿ ಇದನ್ನು ತಪ್ಪೆನ್ನಲಾಗದು, ಕ್ರೇತದಲ್ಲಿ ಹಿರಿಯರು ನೇಮಕವಾಗುವವರೆಗೆ ತೀತನೇ ಹೊಣೆ ಹೊತ್ತಿದ್ದನು. ತೀರ್ಮಾನಗಳು ಬೇಗ ಆಗುತ್ತವೆ, ದರ್ಶನ ಒಂದೇ ಆಗಿರುತ್ತದೆ. ಆದರೆ ಪಾಲಕನೇ ನೇಮಿಸಿ ಪಾಲಕನೇ ತೆಗೆಯಬಹುದಾದ ಹಿರಿಯರು ಅವನನ್ನು ತಿದ್ದಲಾರರು. ಸ್ಥಿರಾಸ್ತಿ ಅವನ ಅಥವಾ ಅವನ ಕುಟುಂಬದ ಹೆಸರಿನಲ್ಲಿದ್ದರಂತೂ ಮಾತಾಡುವ ಧೈರ್ಯವೇ ಉಡುಗುತ್ತದೆ. ಮೂರನೆಯ ಯೋಹಾನನ ಪತ್ರಿಕೆಯ ದಿಯೊತ್ರೇಫನು ಪ್ರಮುಖನಾಗಬೇಕೆಂಬ ಆಸೆಯಿಂದ ಸಹೋದರರನ್ನು ಸೇರಿಸಿಕೊಳ್ಳದೆ, ಸೇರಿಸಿಕೊಳ್ಳಬಯಸಿದವರನ್ನೂ ಸಭೆಯಿಂದ ಹೊರಹಾಕುತ್ತಿದ್ದನು. ಅಪೊಸ್ತಲನು ತಾನು ಬಂದಾಗ ಅವನ ಕೃತ್ಯಗಳನ್ನು ಎತ್ತಿ ಹೇಳುವೆನೆಂದು ಬರೆಯಬೇಕಾಯಿತು. ಹಾಗೆ ಬಂದು ಕೇಳುವ ಅಪೊಸ್ತಲರು ಇಂದು ಇಲ್ಲದಿರುವುದರಿಂದ, ಸ್ಥಾಪಕ ಪಾಲಕರಿರುವ ಸಭೆಗಳು ಇಂತಿಷ್ಟು ವರ್ಷಗಳೊಳಗೆ ಸಮಾನ ಅಧಿಕಾರವುಳ್ಳ ಹಿರಿಯರನ್ನು ನೇಮಿಸುವೆವೆಂದು ಮೊದಲೇ ದಿನಾಂಕ ಗೊತ್ತುಮಾಡಬೇಕು. ಶಾಶ್ವತ ವ್ಯವಸ್ಥೆಯಾಗಿ ಇದನ್ನು ನಾನು ಯಾರಿಗೂ ಸೂಚಿಸಲಾರೆ.

ಇವುಗಳನ್ನು ಬೆರೆಸುವ ದಾರಿಯೂ ಇದೆ. ಬಿಷಪರ ಆಡಳಿತ, ಹಿರಿಯರ ಮಂಡಳಿ, ಸ್ಥಳೀಯ ಸದಸ್ಯರ ಧ್ವನಿ ಎಂಬ ಮೂರು ಪರಂಪರೆಗಳು 1947ರಲ್ಲಿ ದಕ್ಷಿಣ ಭಾರತ ಸಭೆಯಾಗಿ ಒಂದಾದದ್ದು ಜಗತ್ತಿನ ಸಭೆಗಳ ಗಮನ ಸೆಳೆದ ಪ್ರಯೋಗ. ಬೆರಕೆಯಲ್ಲಿ ಮೂರರ ಒಳ್ಳೆಯದೂ ಸೇರಬಹುದು, ಯಾರ ಮೇಲೂ ಹೊಣೆ ನಿಲ್ಲದ ಗೊಂದಲವೂ ಹುಟ್ಟಬಹುದು.

ಯಾರಿಗೆ ಯಾವುದು

ಇಪ್ಪತ್ತು ಮೂವತ್ತು ಜನರ ಸಭೆಯಲ್ಲಿ ತಕ್ಕ ಹಿರಿಯರು ಇಬ್ಬರೂ ಸಿಗದಿದ್ದರೆ, ಸಂಖ್ಯೆ ತುಂಬಿಸಲು ಅವಸರದಿಂದ ಕೈಯಿಟ್ಟು ನೇಮಿಸಬಾರದು. ಆ ಅವಸರವನ್ನು ಪೌಲನು ತಿಮೊಥೆಯನಿಗೆ ನೇರವಾಗಿ ನಿಷೇಧಿಸಿದ್ದಾನೆ. ಅಂಥ ಸಭೆ ಮೇಲಿನ ಸಂಸ್ಥೆಯೊಂದಕ್ಕೆ ಸೇರುವುದೋ, ಬೆಳೆದ ಸಭೆಯೊಂದರ ಹಿರಿಯರ ಮೇಲ್ವಿಚಾರಣೆಯಲ್ಲಿ ಕೆಲಕಾಲ ಇರುವುದೋ ಸುರಕ್ಷಿತ. ನೂರರ ಆಸುಪಾಸಿನ, ಪಕ್ವ ವಿಶ್ವಾಸಿಗಳಿರುವ, ಆದರೆ ಕಾಣಿಕೆ ಕಡಿಮೆಯಿರುವ ಸಭೆಗೆ ಹಲವು ಹಿರಿಯರ ಪದ್ಧತಿ ಹೊಂದುತ್ತದೆ. ಹಣ ಉಳಿಯುತ್ತದೆ, ಆದರೆ ಹಿರಿಯರ ಸಂಜೆಗಳೂ ರಜಾದಿನಗಳೂ ಖರ್ಚಾಗುತ್ತವೆ ಎಂಬುದನ್ನು ಅವರ ಮನೆಯವರು ಮೊದಲೇ ತಿಳಿದಿರಬೇಕು. ಹಲವು ಊರುಗಳಲ್ಲಿ ಹರಡಿರುವ, ಆಸ್ತಿ, ಶಾಲೆ, ಆಸ್ಪತ್ರೆ ಇರುವ ಸಮುದಾಯಕ್ಕೆ ಪ್ರೆಸ್ಬಿಟೇರಿಯನ್ ಅಥವಾ ಬಿಷಪರ ಪದ್ಧತಿಯ ಮೇಲ್ವಿಚಾರಣೆ ಬೇಕಾಗುತ್ತದೆ, ಅದರ ಖರ್ಚು ಸಾರ್ಥಕ. ಹಿಂದೆ ಅಧಿಕಾರದ ದುರ್ಬಳಕೆಯಿಂದ ನೊಂದು ಹೊಸದಾಗಿ ಕೂಡಿದ ಸಭೆ ಸಹಜವಾಗಿ ಪೂರ್ಣ ಮತದಾನದ ಕಡೆಗೆ ವಾಲುತ್ತದೆ. ಆ ನೋವು ನಿಜ, ಆದರೂ ಹಿರಿಯರಿಲ್ಲದ ಮಂದೆಗೆ ಕಾವಲೂ ಇಲ್ಲದ ಕಾರಣ, ಹಿರಿಯರನ್ನು ಇಟ್ಟುಕೊಂಡು ಅವಧಿ ಮತ್ತು ಮೇಲ್ಮನವಿಯ ಬೇಲಿ ಹಾಕುವುದು ಮೇಲು.

ಸ್ತ್ರೀಯರು ಹಿರಿಯರಾಗಬಹುದೇ ಎಂಬ ಪ್ರಶ್ನೆ ಈ ಪದ್ಧತಿಗಳ ಗೆರೆಗಳನ್ನು ಅಡ್ಡಲಾಗಿ ದಾಟುತ್ತದೆ. 1 ತಿಮೊಥೆಯನಿಗೆ 2:12ರ ಆಧಾರದ ಮೇಲೆ ಕೆಲವು ಸಭೆಗಳು ಬೇಡವೆನ್ನುತ್ತವೆ. ಸ್ಕಾಟ್ಲೆಂಡ್ ಸಭೆ 1966ರಲ್ಲಿ ಅನುಮತಿಸಿತು. ನೀವು ಸೇರಬಯಸುವ ಸಭೆಯ ನಿಲುವು ಯಾವುದೆಂದು ಮೊದಲೇ ಕೇಳಿ ತಿಳಿಯುವುದು ನಿಮಗೂ ಸಭೆಗೂ ಒಳ್ಳೆಯದು.

ಸಭೆ ಹುಡುಕುತ್ತಿರುವ ಕುಟುಂಬ ಆರಾಧನೆ ಮುಗಿದ ಮೇಲೆ ಹಿರಿಯರೊಬ್ಬರ ಬಳಿ ಕುಳಿತು ನಾಲ್ಕು ವಿಷಯ ಕೇಳಲಿ: ಕಳೆದ ವರ್ಷದ ಲೆಕ್ಕವನ್ನು ಯಾರು ತಪಾಸಣೆ ಮಾಡಿದರು, ಹಿರಿಯರನ್ನು ತೆಗೆಯುವ ವಿಧಾನ ಎಲ್ಲಿ ಬರೆದಿದೆ, ಹಿರಿಯರ ತೀರ್ಮಾನವನ್ನು ಒಪ್ಪದ ಸದಸ್ಯರು ಏನು ಮಾಡಬಹುದು, ಸಭೆ ಬಿಡಬಯಸುವವರಿಗೆ ಶಿಫಾರಸು ಪತ್ರ ಸಿಗುತ್ತದೆಯೇ. ಉತ್ತರದಷ್ಟೇ ಉತ್ತರ ಕೊಡುವ ಮುಖವನ್ನೂ ಗಮನಿಸಲಿ. ಪ್ರಶ್ನೆಯನ್ನೇ ಅವಿಧೇಯತೆಯೆಂದು ತೆಗೆದುಕೊಳ್ಳುವ ಕಡೆ, ಪದ್ಧತಿ ಕಾಗದದಲ್ಲಿ ಎಷ್ಟೇ ಚೆನ್ನಾಗಿದ್ದರೂ, ನಿಲ್ಲಬೇಡಿ. ಮಕ್ಕಳ ಮೇಲಿನ ದೌರ್ಜನ್ಯದಂತಹ ಅಪರಾಧವನ್ನು ಸಭೆಯೊಳಗೆ ಬಗೆಹರಿಸುತ್ತೇವೆ ಎನ್ನುವ ಹಿರಿಯರಿದ್ದರೆ ಯೋಚನೆಯೇ ಬೇಡ. ಅಪರಾಧ ಕಾನೂನಿನ ಮುಂದೆ ಹೋಗಬೇಕು, ಸಭೆಯ ಶಿಸ್ತು ಅದರ ಜೊತೆಗೆ ನಡೆಯುವಂಥದ್ದು, ಅದರ ಬದಲಿಗಲ್ಲ.

ಹಿರಿಯರಾಗಲು ಕರೆ ಬಂದವರು ಒಪ್ಪುವ ಮುನ್ನ ಸಭೆಯಿಂದ ಲಿಖಿತವಾಗಿ ಕೇಳಿಕೊಳ್ಳಬೇಕಾದದ್ದು ಮೂರು: ಎಷ್ಟು ಮನೆಗಳ ಆರೈಕೆ ನಿಮ್ಮ ಪಾಲಿಗೆ ಬರುತ್ತದೆ, ಎಷ್ಟು ವರ್ಷಗಳವರೆಗೆ, ಮತ್ತು ನಿಮ್ಮ ಮೇಲೆಯೇ ದೂರು ಬಂದ ದಿನ ಅದನ್ನು ಕೇಳುವವರು ಯಾರು. ಮೊದಲ ಎರಡಕ್ಕೆ ಉತ್ತರ ಮಾತುಕತೆಯಲ್ಲಿ ಹೊಂದಿಸಿಕೊಳ್ಳಬಹುದು. ಮೂರನೆಯದಕ್ಕೆ ಉತ್ತರವಿಲ್ಲದಿದ್ದರೆ, ಆ ಕಲಮು ಬರೆದು ಸದಸ್ಯರ ಕೂಟದಲ್ಲಿ ಅಂಗೀಕಾರವಾಗುವವರೆಗೆ ಕೈಯಿಡುವ ಆರಾಧನೆಯನ್ನು ಮುಂದಕ್ಕೆ ಹಾಕಲು ಕೇಳಿಕೊಳ್ಳಿ.